ತುಂಬದ ಮುಖ

ಸತ್ತ ಎಮ್ಮೆಯನ್ನು ಎಳೆದು ಒಯ್ಯುವುದಿಲ್ಲ ಅಂದದ್ದಕ್ಕೆ ಭಾಗಾಬಾಯಿಯ ಎಡಗೆನ್ನೆಗೆ ಎತ್ತಿಗೆ ಹಾಕುವ ಬರೆ ಹಾಕಿದರು. ಊರು ನಾಗಣಸೂರದಾಚೆಯ ಒಂದು ಸಣ್ಣ ಹಳ್ಳಿ. ಎಮ್ಮೆ ನಾಗಪ್ಪ ಪಾಟೀಲನದು. ಬರೆಯ ಕಬ್ಬಿಣವೂ ಅವನದೇ. ಇಬ್ಬರು ಆಳುಗಳು ಅವಳ ಕೈ ಹಿಡಿದಿದ್ದರು, ಮತ್ತೊಬ್ಬ ತುರುಬು ಹಿಡಿದಿದ್ದ. ಹೊತ್ತು ನೆತ್ತಿಯ ಮೇಲಿತ್ತು. ಊರು ನಿಂತು ನೋಡಿತು. ಮರುದಿನ ಬಂದ ಪೊಲೀಸ್ ಜಮಾದಾರ ಪಾಟೀಲನ ಪಡಸಾಲೆಯಲ್ಲಿ ಉಂಡು ಕೈತೊಳೆದುಕೊಂಡು, ಹೆಣ್ಣುಮಗಳು ರೊಟ್ಟಿ ಬಡಿಯುವಾಗ ಒಲೆಯ ಮೇಲೆ ಬಿದ್ದಳು ಎಂದು ಬರಕೊಂಡು ಹೋದ.

ಅವಳ ತಮ್ಮ ಸಾಯಬಣ್ಣ ಸೊಲ್ಲಾಪುರದಲ್ಲಿ ಖಂಡಪ್ಪನ ಫೋಟೋ ಸ್ಟುಡಿಯೋದಲ್ಲಿ ಮುಖ ತುಂಬುವ ಕೆಲಸಕ್ಕಿದ್ದ. ಗಾಜಿನ ನೆಗೆಟಿವ್ವನ್ನು ಕಿಟಕಿಯ ಬೆಳಕಿಗೆ ಓರೆಯಾಗಿ ನಿಲ್ಲಿಸಿ, ಸೂಜಿಯಷ್ಟು ಚೂಪು ಮಾಡಿದ ಪೆನ್ಸಿಲ್ಲಿನಿಂದ ಮೈಲಿಬೇನೆಯ ಕುಳಿ, ಮೊಡವೆ, ಕಣ್ಣಿನ ಕೆಳಗಿನ ಕಪ್ಪು, ಹಣೆಯ ಗೆರೆ ಎಲ್ಲವನ್ನೂ ಚುಕ್ಕೆ ಚುಕ್ಕೆ ಇಟ್ಟು ಮುಚ್ಚಬೇಕು. ಹಾಗೆ ಮುಚ್ಚಿದ ಗಾಜು ಕಾಗದಕ್ಕೆ ಇಳಿದರೆ ಕೆನ್ನೆ ಬೆಣ್ಣೆಯಾಗಿರುತ್ತಿತ್ತು. ಆ ಕಾಲದ ಸೊಲ್ಲಾಪುರದಲ್ಲಿ ತುಂಬದ ಮುಖವನ್ನು ಗಿರಾಕಿಯ ಕೈಗೆ ಕೊಡುವುದೆಂದರೆ ಅರಿಷಿಣ ಹಚ್ಚದ ಮದುಮಗಳನ್ನು ಹಸೆಗೆ ಕೂಡಿಸಿದ ಹಾಗೆ. ಗಿರಣಿಯಲ್ಲಿ ಆಳು ಹಚ್ಚುವ ಜಾಬರ್ ಇರಲಿ, ಪೇಠದ ಸಾವಕಾರ ಇರಲಿ, ಎಲ್ಲರಿಗೂ ದೇವರು ಕೊಟ್ಟ ಮೋರೆ ಬೇಡ, ಸಾಯಬಣ್ಣ ಕೊಟ್ಟ ಮೋರೆ ಬೇಕು.

“ದೇವರ ತಪ್ಪು ತಿದ್ದಾವ ನಮ್ಮ ಹುಡುಗ,” ಎಂದು ಖಂಡಪ್ಪ ಗಿರಾಕಿಗಳ ಮುಂದೆ ನಗುತ್ತಿದ್ದ. ನಮ್ಮ ಹುಡುಗ ಯಾವ ಕೇರಿಯವನು ಎಂಬುದನ್ನು ಮಾತ್ರ ಹೇಳುತ್ತಿರಲಿಲ್ಲ. ನಮ್ಮ ಹುಡುಗ ನೀರು ಕುಡಿಯುವ ತಂಬಿಗೆ ಹಿಂದಿನ ಬಾಗಿಲ ಮರೆಯಲ್ಲಿ ಬೇರೆ ಇತ್ತು.

ಸ್ಟುಡಿಯೋದ ಮುಂದಿನ ಗಾಜಿನ ಕಪಾಟಿನಲ್ಲಿ ಎಲ್ಲಕ್ಕಿಂತ ದೊಡ್ಡ ಚೌಕಟ್ಟು ನಾಗಪ್ಪ ಪಾಟೀಲನದೇ. ಜರಿ ರುಮಾಲು, ತಿರುವಿದ ಮೀಸೆ, ನುಣ್ಣನೆಯ ಕೆನ್ನೆ. ನಿಜವಾದ ಪಾಟೀಲನ ಮುಖವನ್ನು ಮೈಲಿಬೇನೆ ತಿಂದು ಜರಡಿ ಮಾಡಿ ಬಿಟ್ಟಿತ್ತು. ಆ ಜರಡಿಯ ಒಂದೊಂದು ತೂತನ್ನೂ ಕೂತು ತುಂಬಿದವನು ಸಾಯಬಣ್ಣ. ದಿನಾ ಬೆಳಿಗ್ಗೆ ಕಪಾಟಿನ ಗಾಜು ಒರೆಸುವಾಗ ತನ್ನ ಕೈಚಳಕ ನೋಡಿ ಖುಷಿಯನ್ನೂ ಪಟ್ಟಿದ್ದ.

ಸುದ್ದಿ ತಂದವನು ಭಾಗಾಬಾಯಿಯ ಗಂಡ ಬಂಡೆಪ್ಪ. ಹೋಟಗಿಯ ರೈಲ್ವೆ ಹಳಿಯ ಮೇಲೆ ಸುತ್ತಿಗೆ ಹೊಡೆಯುವವನು, ಆ ದಿನ ಊರಲ್ಲಿರಲಿಲ್ಲ. ಕೇರಿಯ ಗಂಡಸರೆಲ್ಲ ಕೂಲಿಗೆ ಹೊರಗೆ ಹೋದ ಹೊತ್ತು ನೋಡಿಯೇ ಪಾಟೀಲನ ಆಳು ಬಂದಿದ್ದ.

“ಕೇರಿಯವರೆಲ್ಲ ನಾಗಪುರಕ್ಕ ಹೋಗಿ ಬುದ್ಧಧಮ್ಮ ತಗೊಂಡು ಬಂದ ಮ್ಯಾಲ ಸತ್ತ ದನ ಮುಟ್ಟೂದಿಲ್ಲ ಅಂತ ಆಣಿ ಮಾಡೇವಲ್ಲ,” ಎಂದ ಬಂಡೆಪ್ಪ, ಹಿಂದಿನ ಬಾಗಿಲಲ್ಲಿ ನಿಂತುಕೊಂಡೇ. “ನಿಮ್ಮಕ್ಕ ಅದನ್ನ ಹೇಳ್ಯಾಳ. ‘ನಿಮ್ಮ ಎಮ್ಮಿ, ನಿಮ್ಮ ಕೈ, ನೀವ ಎಳೀರಿ’ ಅಂದಾಳ. ಅದಕ್ಕ ಪಾಟೀಲ, ‘ದನ ಎಳ್ಯಾಕ ಒಲ್ಲೆ ಅಂತಿ? ಹಂಗಾರ ದನದ ಸಾಲಿನ್ಯಾಗ ನಿಲ್ಲು’ ಅಂದ.”

ಸಾಯಬಣ್ಣ ಕೈಯಲ್ಲಿದ್ದ ಪೆನ್ಸಿಲ್ಲನ್ನು ಮೆಲ್ಲಗೆ ಕೆಳಗಿಟ್ಟ.

ಅಕ್ಕಲಕೋಟದಲ್ಲಿ ಜೇವೂರಕರ ವಕೀಲರೆಂದು ಒಬ್ಬರಿದ್ದರು. ಬಡವರ ಕೇಸು ಹಿಡಿದು ತಾವೂ ಬಡವರಾದವರು, ಕೋಟಿನ ಮೊಳಕೈಗೆ ತೇಪೆ. ಅವರು ಭಾಗಾಬಾಯಿಯನ್ನು ಕಿಟಕಿಯ ಹತ್ತಿರ ಕೂಡಿಸಿ ಬಹಳ ಹೊತ್ತು ನೋಡಿದರು. ಕೆನ್ನೆಯ ಮೇಲೆ ಒಂದು ನೆಟ್ಟಗಿನ ಗೆರೆ, ಅದರ ಕೆಳಗೆ ಅರ್ಧಚಂದ್ರ. ಪಾಟೀಲನ ಒಂದೊಂದು ಎತ್ತಿನ ತೊಡೆಯ ಮೇಲೂ ಅದೇ ಗೆರೆ, ಅದೇ ಅರ್ಧಚಂದ್ರ.

“ಅಸ್ಪೃಶ್ಯತಾ ನಿಲ್ಲಸೂ ಹೊಸಾ ಕಾಯ್ದೆ ಬಂದದ, ಖರೆ. ಆದ್ರ ಕಾಯ್ದೆಕ್ಕ ಕಣ್ಣು ಬೇಕಲ್ಲ,” ಎಂದರು ವಕೀಲರು. “ತಾರೀಖು ಬರೂದ್ರಾಗ ಮಳಿಗಾಲ ಮುಗೀತದ. ಅಷ್ಟರಾಗ ಗಾಯ ಮಾಯ್ದು ಗಂಟು ಕಟ್ಟತದ. ಗಂಟು ಒಲಿದೂ ಅನಬಹುದು, ಎಣ್ಣಿದೂ ಅನಬಹುದು. ಇವತ್ತು ಅದರಾಗ ಪಾಟೀಲನ ಸಹಿ ಕಾಣಸಾಕತ್ತದ. ಇಕಿ ಗಲ್ಲದ್ದೊಂದು ಫೋಟೋ, ಪಾಟೀಲನ ಎತ್ತಿಂದೊಂದು. ಎರಡೂ ಬಾಜೂ ಬಾಜೂ ಇಟ್ಟರ ನಾ ಬಾಯಿ ಬಿಡೂದ ಬ್ಯಾಡ.”

“ಇಲ್ಲಿ ಫೋಟೋದವ ಒಬ್ಬ ಇದ್ದಾನಲ್ಲರಿ,” ಎಂದ ಬಂಡೆಪ್ಪ.

“ಕೇಳೀನಿ. ಪಾಟೀಲನ ಹೆಸರು ಕೇಳಿದ ಕೂಡ್ಲೆ ಅವನ ಕ್ಯಾಮೆರಾಕ್ಕ ಜ್ವರ ಬಂದದಂತ.”

ಭಾಗಾಬಾಯಿಗೆ ನಗು ಬಂತು. ನಕ್ಕರೆ ಕೆನ್ನೆ ಎಳೆಯುತ್ತಿತ್ತು. ಅರ್ಧ ನಕ್ಕು ಬಿಟ್ಟಳು.

ಸಾಯಬಣ್ಣನ ಹತ್ತಿರ ಒಂದು ಕ್ಯಾಮೆರಾ ಇತ್ತು. ಅವನ ಅಣ್ಣ ಭೀಮಣ್ಣ ಪಲ್ಟಣಿನ ಸಿಪಾಯಿ. ಯುದ್ಧಕ್ಕೆ ಇಟಲಿಗೆ ಹೋದಾಗ ಯಾರಿಗೋ ಸಿಗರೇಟು ಕೊಟ್ಟು ಆ ಜರ್ಮನ್ ಕ್ಯಾಮೆರಾ ತಂದಿದ್ದ. ಬಂದವನು ಬಹಳ ದಿನ ಬದುಕಲಿಲ್ಲ, ಕ್ಯಾಮೆರಾ ತಮ್ಮನಿಗೆ ಉಳಿಯಿತು. ಅಂಗೈಯಲ್ಲಿ ಮುಚ್ಚುವಷ್ಟು ಸಣ್ಣದು. ಅದರ ಮೇಲೊಂದು ಪುಟ್ಟ ಕಿಂಡಿ. ಕಿಂಡಿಯಲ್ಲಿ ಕಣ್ಣಿಟ್ಟರೆ ಎದುರಿನ ಒಂದು ಮುಖ ಎರಡಾಗಿ ಕಾಣುತ್ತದೆ, ಒಂದು ಗಟ್ಟಿ, ಒಂದು ನೆರಳಿನಂಥದು. ಲೆನ್ಸು ತಿರುಗಿಸುತ್ತ ಹೋದರೆ ನೆರಳು ಸರಿದು ಬಂದು ಗಟ್ಟಿ ಮುಖದೊಳಗೆ ಕೂಡುತ್ತದೆ. ಕೂಡಿದಾಗ ಒತ್ತಬೇಕು.

ತೊಂದರೆ ಇದ್ದದ್ದು ಲೆನ್ಸಿನದು. ಕ್ಯಾಮೆರಾದ ಜೊತೆ ಬಂದದ್ದು ಬೀದಿ, ಜಾತ್ರೆ, ಜನ ಹಿಡಿಯುವ ಲೆನ್ಸು. ಮುಖ ತೆಗೆದರೆ ಫಿಲ್ಮಿನ ಮೇಲೆ ಮುಖ ಕಡಲೆಯಷ್ಟು, ಬರೆ ಸಾಸಿವೆಯಷ್ಟು. ಹಿಗ್ಗಿಸಿದರೆ ಎಲ್ಲ ರವೆರವೆಯಾಗಿ ಚದುರುತ್ತಿತ್ತು. ಇನ್ನೂ ಸಮೀಪ ಹೋದರೆ ನೆರಳುಮುಖ ಕೂಡುತ್ತಲೇ ಇರಲಿಲ್ಲ. ಪಾಟೀಲನ ಎತ್ತಿನ ಸಮೀಪವಂತೂ ಹೋಗುವ ಮಾತೇ ಇಲ್ಲ. ದೂರದಿಂದ ಮುಖವನ್ನು ಹತ್ತಿರಕ್ಕೆ ತರುವ ಉದ್ದ ಲೆನ್ಸು ಬೇಕಿತ್ತು. ಪರದೇಶದ ಮಾಲು ಬರುವುದು ಸರಕಾರದ ಹುಕುಮಿನಿಂದ ನಿಂತುಹೋಗಿತ್ತು. ಸಿಕ್ಕರೆ ಹಳೆಯದೇ ಸಿಗಬೇಕು, ಅದೂ ಲಾಡ್ಲೇಸಾಬನ ಹತ್ತಿರ.

ಮಂಗಳವಾರ ಪೇಠದ ಸಂದಿಯಲ್ಲಿ ಲಾಡ್ಲೇಸಾಬನ ಗಡಿಯಾರ ರಿಪೇರಿ ಅಂಗಡಿ. ಗಡಿಯಾರದ ಜೊತೆ ದುರ್ಬೀನು, ಗ್ರಾಮಫೋನು, ಬಿಟ್ಟು ಹೋದ ಗೋರಾ ಸಾಹೇಬರ ಏನೇನೋ ಸಾಮಾನು. ಅವನು ಹಳೆಯ ಟವೆಲ್ಲು ಹಾಸಿ ಲೆನ್ಸುಗಳನ್ನು ಒಂದೊಂದಾಗಿ ಇಟ್ಟ, ಬಾಣಂತಿ ಮಗುವನ್ನು ಇಡುವ ಹಾಗೆ.

“ಇದು ರಷ್ಯಾದ್ದು, ಹೊಸಾದು. ಮುಟ್ಟಬ್ಯಾಡ ಮಿಯಾ, ಮುಟ್ಟಿದ್ರ ನಿನ್ನ ಮನಿ ಮಾರಬೇಕಾಗತದ.”

“ನನಗ ಮನಿ ಎಲ್ಲದ ಚಾಚಾ?”

“ಹಂಗಾರ ನೋಡೂದೂ ಬ್ಯಾಡ.” ಅದನ್ನು ತಿರುಗಿ ಡಬ್ಬಿಗಿಟ್ಟ. ಮುಂದೆ ಸರಿಸಿದ್ದು ಒಂದು ಹಗುರಾದ ಲೆನ್ಸು, ಗಾಜು ಚೊಕ್ಕ, ಕೇಳಿದ್ದು ಕೈಗೆಟಕುವ ದರ. ಸಾಯಬಣ್ಣ ಕ್ಯಾಮೆರಾಕ್ಕೆ ತಿರುವಿ ಕಿಂಡಿಯಲ್ಲಿ ನೋಡಿದ. ಎದುರಿನ ಮಸೀದಿಯ ಮಿನಾರು ಎರಡಾಗಿ ಕಂಡಿತು. ಲೆನ್ಸು ಎಷ್ಟು ತಿರುಗಿಸಿದರೂ ಎರಡು ಮಿನಾರು ಎರಡೇ.

“ಇದರ ಹಿಂದಿನ ಉಂಗುರ ಒಳಗಿನ ಕಡ್ಡಿಗೆ ಒತ್ತಾಕತ್ತಿಲ್ಲ ಚಾಚಾ. ಇದು ಬ್ಯಾರೆ ಕ್ಯಾಮೆರಾದ್ದು.”

“ಹುಷಾರ್ ಆಗೀಯಲ್ಲ,” ಎಂದು ಲಾಡ್ಲೇಸಾಬ ನಾಚಿಕೆಯಿಲ್ಲದೆ ಅದನ್ನೂ ಹಿಂದೆಳೆದುಕೊಂಡ.

ಉಳಿದವು ಎರಡು. ಎರಡೂ ಯುದ್ಧದ ಮೊದಲಿನ ಜರ್ಮನ್ ಲೆನ್ಸುಗಳು. ಒಂದು ದಪ್ಪನ್ನದು, ಕೈಯಲ್ಲಿ ಹಿಡಿದರೆ ಅಡಕೊತ್ತಿನಂತೆ ಭಾರ, ಮುಂದಿನ ಗಾಜು ಎಮ್ಮೆಕಣ್ಣಿನಷ್ಟು ದೊಡ್ಡದು. ಒಳಗಡೆ ಗಾಜಿಗೆ ಉಸಿರು ಬಿಟ್ಟ ಹಾಗೆ ಸಣ್ಣ ಮಸುಕು ಹಿಡಿದಿತ್ತು. ಇನ್ನೊಂದು ಸಪೂರ, ಕರಿ ಬಣ್ಣ ಉದುರಿ ಹಿತ್ತಾಳೆ ಬಿಟ್ಟಿತ್ತು, ಬಾಯಿ ಒಂದು ಕಡೆ ಜಜ್ಜಿತ್ತು.

“ಈ ದಪ್ಪಂದು ದುಲ್ಹನ್ ಲೆನ್ಸು, ಮದುಮಗಳದು,” ಎಂದ ಲಾಡ್ಲೇಸಾಬ. “ಇದರಾಗ ತಗದ್ರ ನಿನ್ನ ಪೆನ್ಸಿಲ್ಲ ಬ್ಯಾಡ. ಮುಖದ ಮ್ಯಾಲ ಬೆಳದಿಂಗಳ ಸುರದ ಹಾಂಗ. ಮಸುಕು ಅದ ಅಂತ ನಿನಗ ಕೈಗೆಟಕತದ, ಇಲ್ಲಂದ್ರ ಇದು ಮುಂಬೈಕ್ಕ ಹೋಗೂ ಮಾಲು.”

“ಈ ಜಜ್ಜಿದ್ದು?”

“ಅದು ಮುಖದ ದುಶ್ಮನ್. ಒಬ್ಬ ಒಯ್ದು ಮದುಮಗಳ ಫೋಟೋ ತಗದ. ‘ನಾ ಇಷ್ಟು ಕೆಟ್ಟ ಇದ್ದೀನಿ ಅಂತ ಯಾರೂ ಹೇಳಿರಲಿಲ್ಲ’ ಅಂತ ಹುಡುಗಿ ಅತ್ತಳಂತ. ತಿರುಗಿ ತಂದು ಕೊಟ್ಟ. ಬೆಳಕೂ ಕಡಿಮಿ ಕುಡಿತದ, ಬಿಸಲಿನ್ಯಾಗ ಅಷ್ಟ ನಡೀತದ. ಎಲ್ಲಾದಕ್ಕಿಂತ ಅಗ್ಗ ಅದ, ಆದ್ರ ನಿನಗ್ಯಾಕ ಅದು?”

ಇಲ್ಲಿ ಸಾಯಬಣ್ಣ ತಪ್ಪಿದ. ಮುಖ ತುಂಬುವವನ ಕಣ್ಣು ಅದು, ವರ್ಷಗಟ್ಟಲೆ ಕುಳಿ ಮುಚ್ಚಿ ಮುಚ್ಚಿ ಪಳಗಿದ್ದು. ನುಣ್ಣಗಿದ್ದರೆ ಒಳ್ಳೆಯ ಫೋಟೋ, ಗೆರೆ ಕಂಡರೆ ಕೆಟ್ಟದ್ದು, ಇಷ್ಟೇ ಅದಕ್ಕೆ ಕಲಿಸಿದ್ದು. ದುಲ್ಹನ್ ಲೆನ್ಸು ಕೈಗೆ ಬಂದೊಡನೆ ಆ ಕಣ್ಣು ಬೇರೆ ಲೆಕ್ಕ ಹಾಕಿತು: ಕೇಸು ಇವತ್ತಿಗೆ, ಲೆನ್ಸು ಜೀವಮಾನಕ್ಕೆ. ಇಂಥದ್ದೊಂದಿದ್ದರೆ ಖಂಡಪ್ಪನ ಹಿಂದಿನ ಬಾಗಿಲು ಬಿಟ್ಟು ತನ್ನದೇ ಮುಂದಿನ ಬಾಗಿಲು ಹಾಕಬಹುದು. ಇನ್ನೂ ಒಂದು ಮಾತಿತ್ತು, ಅದನ್ನು ಅವನು ತನಗೇ ಹೇಳಿಕೊಳ್ಳಲಿಲ್ಲ. ದುಶ್ಮನ್ ಲೆನ್ಸಿನಲ್ಲಿ ಅಕ್ಕನ ಕೆನ್ನೆ ನೋಡುವ ಎದೆ ಅವನಿಗಿರಲಿಲ್ಲ.

ಲೆನ್ಸಿನ ಬೆಲೆಗೆಂದು ತನ್ನ ಸೈಕಲ್ಲನ್ನು ಲಾಡ್ಲೇಸಾಬನ ಅಂಗಡಿಯ ಗೋಡೆಗೆ ಆನಿಸಿಟ್ಟು, ದುಲ್ಹನ್ ಲೆನ್ಸನ್ನು ಧೋತರದ ಗಂಟಿಗೆ ಕಟ್ಟಿಕೊಂಡು ನಡೆದ.

ಹಳ್ಳಿಯಲ್ಲಿ ಅಕ್ಕನನ್ನು ಬೇವಿನ ನೆರಳಲ್ಲಿ ಕೂಡಿಸಿದ. ಎಳೆ ಬಿಸಿಲು ಎಲೆಗಳಲ್ಲಿ ಸೋಸಿ ಬೀಳುತ್ತಿತ್ತು. ಸ್ಟುಡಿಯೋದಲ್ಲಿ ಖಂಡಪ್ಪ ಕಲಿಸಿದ ಹಾಗೆ ಮುಖ ತುಸು ತಿರುವಿಸಿದ, ಗದ್ದ ತುಸು ಎತ್ತಿಸಿದ. ಕೈ ತಾನಾಗಿ ಮಾಡಿತು. ಸೊಲ್ಲಾಪುರಕ್ಕೆ ಬಂದು ಖಂಡಪ್ಪ ಇಲ್ಲದ ಹೊತ್ತು ಕತ್ತಲೆ ಕೋಣೆಯಲ್ಲಿ ಫಿಲ್ಮು ತೊಳೆದು, ಕಾಗದದ ಮೇಲೆ ಚಿತ್ರ ಏಳುವುದನ್ನು ನೋಡುತ್ತ ನಿಂತ. ಎಂಥ ಚೆಂದದ ಚಿತ್ರ! ಅಕ್ಕನ ಕಣ್ಣು ಕೆರೆಯ ಹಾಗೆ ತುಂಬಿ ನಿಂತಿತ್ತು. ಕೆನ್ನೆಯ ಮೇಲೆ ಒಂದು ನೆರಳು ಮಲಗಿತ್ತು, ಎಲೆಯದೋ, ಸೆರಗಿನದೋ ಎಂಬಂತೆ. ಗೆರೆ ಇರಲಿಲ್ಲ. ಅರ್ಧಚಂದ್ರ ಇರಲಿಲ್ಲ. ಲೆನ್ಸಿನ ಬಾಯಿ ಕಿರಿದು ಮಾಡಿ ತೆಗೆದದ್ದರಲ್ಲೂ ಒಳಗಿನ ಮಸುಕು ಮಂಜಿನಂತೆ ಹರಡಿ ಎಲ್ಲವನ್ನೂ ನುಂಗಿತ್ತು.

ವಕೀಲರು ಕನ್ನಡಕ ಏರಿಸಿ ನೋಡಿದರು, ಇಳಿಸಿ ನೋಡಿದರು. “ಸುಂದರ ಆಹೇ,” ಎಂದರು. “ಇದನ್ನ ಕೋರ್ಟಿಗೆ ಕೊಟ್ಟರ ಪಾಟೀಲನ ವಕೀಲ ನನಗ ಹಾರ ಹಾಕತಾನ.”

ಭಾಗಾಬಾಯಿ ಫೋಟೋವನ್ನು ಇಸಿದುಕೊಂಡಳು. “ಅಯ್ಯ, ಇಕಿ ಯಾವ ಸಾವಕಾರನ ಹೆಣ್ತಿನೋ? ಮೋರಿಗೆ ಸ್ನೋ ಹಚ್ಚಕೊಂಡಾಳ!” ಎಂದು ಗಂಡನಿಗೆ ತೋರಿಸಿದಳು. ಬಂಡೆಪ್ಪ ನಗಲಿಲ್ಲ. ಅವಳ ನಗುವೂ ಅಲ್ಲಿಗೇ ನಿಂತಿತು. ಹೆಬ್ಬೆರಳಿನಿಂದ ಕಾಗದದ ಕೆನ್ನೆಯನ್ನು ಒಮ್ಮೆ ಸವರಿದಳು.

“ನನ್ನ ಗಲ್ಲ ಎಲ್ಲೋ ತಮ್ಮಾ?”

ಸಾಯಬಣ್ಣ ಫೋಟೋವನ್ನು ಅವಳ ಕೈಯಿಂದ ಹಿಂದೆ ತೆಗೆದುಕೊಂಡ.

“ಅಂವ ಕಬ್ಬಣ ಇಟ್ಟ, ಜಮಾದಾರ ಒಲಿ ಅಂದ. ನೀ ಬೆಳದಿಂಗಳ ಹಚ್ಚೀದಿ,” ಎಂದಳು ಅಕ್ಕ. ಬೈದಳೆಂದರೆ ಬೈದಂತೆಯೂ ಇರಲಿಲ್ಲ. “ಎಲ್ಲಾರೂ ಕೂಡಿ ಮುಚ್ಚೇ ಬಿಟ್ರಲ್ಲ.”

ಅದೇ ದಿನದ ಗಾಡಿಗೆ ಅವನು ಸೊಲ್ಲಾಪುರಕ್ಕೆ ತಿರುಗಿ ಬಂದ. ಲಾಡ್ಲೇಸಾಬ ದುಲ್ಹನ್ ಲೆನ್ಸು ತಿರುಗಿ ಇಸಿದುಕೊಂಡು ದುಶ್ಮನ್ ಲೆನ್ಸು ಕೊಡುವುದಕ್ಕೆ ತಕರಾರು ಮಾಡಲಿಲ್ಲ. ಯಾರೂ ಒಲ್ಲದ್ದು ಹೋಗಿ ಎಲ್ಲರೂ ಬೇಡುವುದು ಬಂದರೆ ಯಾರು ಬೇಡ ಅಂದಾರು?

“ಸೈಕಲ್ಲು?” ಎಂದ ಸಾಯಬಣ್ಣ.

“ಮಾರಿ ಹೋಯ್ತು ಮಿಯಾ. ಹಾಲಿನವ ಒಯ್ದ.”

ಹೀಗೆ ಟವೆಲ್ಲಿನ ಮೇಲಿದ್ದ ಎಲ್ಲಕ್ಕಿಂತ ಅಗ್ಗದ ಲೆನ್ಸಿಗೆ ಅವನ ಸೈಕಲ್ಲು ಹೋಯಿತು. ಸಾಯಬಣ್ಣ ಜಗಳ ತೆಗೆಯಲಿಲ್ಲ. ಜಜ್ಜಿದ ಲೆನ್ಸನ್ನು ಕ್ಯಾಮೆರಾಕ್ಕೆ ತಿರುವಿ ಮಿನಾರು ನೋಡಿದ. ನೆರಳು ಸರಿದು ಬಂದು ಕಲ್ಲಿನೊಳಗೆ ಕೂತಿತು. ಮಿನಾರಿನ ಗಾರೆಯ ಒಂದೊಂದು ಬಿರುಕೂ ಎಣಿಸಬಹುದಿತ್ತು.

ಈ ಸಲ ನೆರಳು ಹುಡುಕಲಿಲ್ಲ. ಹೊತ್ತು ನೆತ್ತಿಗೇರುವವರೆಗೆ ಕಾಯ್ದ. ಅಕ್ಕನನ್ನು ಮನೆಯ ಮುಂದಿನ ಬಯಲಲ್ಲಿ, ಸುಡುವ ಕಲ್ಲಿನ ಮೇಲೆ ಕೂಡಿಸಿದ. ಬರೆ ಬಿದ್ದದ್ದೂ ಅದೇ ಹೊತ್ತಿಗೆ. ಇಬ್ಬರಿಗೂ ಅದು ಗೊತ್ತಿತ್ತು. ಗಾಯದ ಒಂದು ಅಂಚು ಆಗಲೇ ಉಬ್ಬತೊಡಗಿತ್ತು. ಗೆರೆ ಗೆರೆಯಾಗಿ, ಚಂದ್ರ ಚಂದ್ರವಾಗಿ ಇನ್ನು ಬಹಳ ದಿನ ಉಳಿಯುವಂತಿರಲಿಲ್ಲ.

“ಸೆರಗು ತಗೀ ಅಕ್ಕಾ. ಎಡಗಲ್ಲ ನನ್ನ ಕಡೆ ಮಾಡು.”

“ಚೆಂದ ಕಾಣೋ ಬಾಜೂ ಅದಲ್ಲೋ.”

“ಗೊತ್ತದ.”

ಕಿಂಡಿಯಲ್ಲಿ ಇಬ್ಬರು ಭಾಗಾಬಾಯಿಯರು ಕಂಡರು. ಒಬ್ಬಳು ಗಟ್ಟಿ, ಒಬ್ಬಳು ನೆರಳು. ಎರಡು ಬರೆ. ಲೆನ್ಸನ್ನು ಮೆಲ್ಲಗೆ ತಿರುಗಿಸಿದ. ನೆರಳಿನ ಬರೆ ಸರಿಯುತ್ತ ಸರಿಯುತ್ತ ಬಂದು ಗಟ್ಟಿ ಬರೆಯ ಮೇಲೆ ಕೂತಿತು, ಕಬ್ಬಿಣ ಇನ್ನೊಮ್ಮೆ ಅದೇ ಜಾಗಕ್ಕೆ ಕೂತ ಹಾಗೆ.

“ಬಿಸಲಿಗೆ ಉರಿಯಾಕತ್ತದೇನ ಅಕ್ಕಾ?”

“ಬಿಸಲಿಗಲ್ಲ. ನೀ ಹಂಗ ದಿಟ್ಟಿಸಿ ನೋಡಾಕತ್ತೀಯಲ್ಲ, ಅದಕ್ಕ.” ಕಣ್ಣು ಮಾತ್ರ ಮಿಟುಕಿಸಲಿಲ್ಲ. “ನೋಡು. ನೋಡಿ ಮುಗಿಸು.”

ಒತ್ತಿದ.

ಸಂಜೆ ಪಾಟೀಲನ ಎತ್ತುಗಳು ಹಳ್ಳಕ್ಕೆ ನೀರಿಗೆ ಬಂದವು. ಸಾಯಬಣ್ಣ ಆಚೆ ದಡದ ಜಾಲಿಯ ಮರೆಯಲ್ಲಿ ಕೂತು, ಇಳಿಬಿಸಿಲು ನೇರ ಎತ್ತಿನ ತೊಡೆಗೆ ಬಿದ್ದಾಗ ಎರಡು ಸಲ ಒತ್ತಿದ. ಲೆನ್ಸಿನ ಗಾಜು ಮಿಂಚಿರಬೇಕು. ಎತ್ತು ಕಾಯುವ ಆಳು ಕೂಗಿದ, “ಯಾವನಲೇ ಅಂವ? ಏನ್ ಮಾಡಾಕತ್ತಿ?”

“ಸರಕಾರಿ ಮೋಜಣಿ, ಜಮೀನ ಅಳತಿ!” ಎಂದು ಕೂಗಿ ಸಾಯಬಣ್ಣ ಎದ್ದ.

“ಎತ್ತಿನ ಕುಂಡಿ ಮೋಜಣಿ ಮಾಡ್ತದೇನಲೇ ಸರಕಾರ?” ಆಳು ನಕ್ಕ. ನಕ್ಕವನು ಹೋಗಿ ಪಾಟೀಲನಿಗೆ ಅದನ್ನೇ ನಗುತ್ತ ಹೇಳಿದ. ಪಾಟೀಲ ನಗಲಿಲ್ಲ, ಜಾಲಿಯ ಮರೆಯಲ್ಲಿದ್ದವನು ಯಾರೆಂದು ಶೋಧಕ್ಕೆ ಆಳು ಬಿಟ್ಟ.

ಕತ್ತಲೆ ಕೋಣೆ ಖಾಲಿಯಾಗಲು ಎರಡು ವಾರ ಕಾಯಬೇಕಾಯಿತು. ಖಂಡಪ್ಪ ಪಂಢರಪುರಕ್ಕೆ ಹೋಗಿದ್ದ, ಇನ್ನೆರಡು ದಿನ ಬರುವವನಲ್ಲ. ಸಾಯಬಣ್ಣ ಸ್ಟುಡಿಯೋದ ಕತ್ತಲೆ ಕೋಣೆಯಲ್ಲಿ ಫಿಲ್ಮು ತೊಳೆದು ಕೆಂಪು ದೀಪಕ್ಕೆ ಹಿಡಿದು ನೋಡಿದ. ಎಲ್ಲ ಬಂದಿತ್ತು. ಗೆರೆ, ಅರ್ಧಚಂದ್ರ, ಅದರ ಒಂದು ತುದಿಯಲ್ಲಿ ಕಬ್ಬಿಣ ಸವೆದ ಸಣ್ಣ ಕಚ್ಚು. ಎತ್ತಿನ ತೊಡೆಯ ಮೇಲೂ ಅದೇ ಕಚ್ಚು. ಹಸಿ ಫಿಲ್ಮನ್ನು ಒಣಗಲು ದಾರಕ್ಕೆ ಚಿಮಟಿ ಹಾಕಿ ತೂಗುಬಿಟ್ಟು, ಬೀಗ ಹಾಕಿ ಮಲಗಲು ಹೋದ. ಬೀಗದ ಇನ್ನೊಂದು ಕೈ ಖಂಡಪ್ಪನ ಜನಿವಾರಕ್ಕೆ ಕಟ್ಟಿರುತ್ತಿತ್ತು ಎಂಬುದು ನೆನಪಾಗಲಿಲ್ಲ.

ಬೆಳಿಗ್ಗೆ ಗಿರಣಿಯ ಭೋಂಗಾ ಕೂಗಿದ ಮೇಲೆ ಬಂದ. ಬಾಗಿಲು ತೆರೆದಿತ್ತು. ಗಿರಾಕಿಗಳ ದೊಡ್ಡ ಕುರ್ಚಿಯಲ್ಲಿ ಕಾಲ ಮೇಲೆ ಕಾಲು ಹಾಕಿ ನಾಗಪ್ಪ ಪಾಟೀಲ ಕೂತಿದ್ದ. ಕೈಯಲ್ಲಿ ಫಿಲ್ಮಿನ ಸುರುಳಿ. ಪಕ್ಕದಲ್ಲಿ ಚಹಾದ ಸ್ಟೋ ಉರಿಯುತ್ತಿತ್ತು. ಖಂಡಪ್ಪ ನಿಂತಿದ್ದ. ಪ್ರವಾಸದ ಧೂಳು ಇನ್ನೂ ಅಂಗಿಯ ಮೇಲಿತ್ತು. ಪಾಟೀಲನ ಮನುಷ್ಯ ಪಂಢರಪುರಕ್ಕೇ ಹೋಗಿ ಕರೆತಂದಿದ್ದ.

ಕಿಟಕಿಯ ಹತ್ತಿರ ಸಾಯಬಣ್ಣನ ಮೇಜಿನ ಮೇಲೆ, ಓರೆ ಹಲಗೆಗೆ ಒಂದು ಗಾಜು ನಿಂತಿತ್ತು. ಸಣ್ಣ ಫಿಲ್ಮಿನಿಂದ ಖಂಡಪ್ಪನೇ ಇಳಿಸಿದ ದೊಡ್ಡ ನೆಗೆಟಿವ್. ಅದರಲ್ಲಿ ಅಕ್ಕ ಇದ್ದಳು. ಗಾಜಿನಲ್ಲಿ ಕಪ್ಪು ಬಿಳಿಯಾಗಿ, ಬಿಳಿ ಕಪ್ಪಾಗಿ ಕಾಣುವುದಲ್ಲವೇ? ಕೂದಲು ಬೆಳ್ಳಗಿತ್ತು. ಕೆನ್ನೆಯ ಕಪ್ಪು ಬರೆ ಬೆಳಕು ಹಾಯ್ದು ಬೆಳ್ಳಗೆ ಉರಿಯುತ್ತಿತ್ತು, ಕುಲುಮೆಯಿಂದ ಈಗಷ್ಟೇ ತೆಗೆದ ಕಬ್ಬಿಣದ ಹಾಗೆ.

“ಬಾ ತಮ್ಮಾ,” ಎಂದ ಪಾಟೀಲ. ದನಿ ಮೆತ್ತಗಿತ್ತು. “ನಿನ್ನ ಕೈ ಬಂಗಾರದ್ದು. ನನ್ನ ಮೋರಿ ಸಾಪ್ ಮಾಡಿದಾಂವ ನೀನ ಅಂತ ಖಂಡಪ್ಪ ಹೇಳಿದ. ನನ್ನ ಹೆಣ್ತಿ ನನ್ನ ಬಿಟ್ಟು ಆ ಫೋಟೋದ ಸಂಗಾಟನ ಮಾತಾಡತಾಳ!” ತಾನೇ ನಕ್ಕ. ಜರಡಿ ಮುಖದ ಕುಳಿಗಳೆಲ್ಲ ಒಟ್ಟಿಗೆ ಅಲುಗಿದವು. “ಅದರಂಗ ನಿಮ್ಮಕ್ಕಂದೂ ಮಾಡು.”

ಸಾಯಬಣ್ಣ ಖಂಡಪ್ಪನ ಕಡೆ ನೋಡಿದ. “ಮಾಲಕ್, ಇದು ಗಿರಾಕಿದಲ್ಲ.”

“ನನ್ನ ಕೋಣಿ, ನನ್ನ ಔಷಧ, ನನ್ನ ದೀಪ,” ಎಂದ ಖಂಡಪ್ಪ. ಅವನ ಕಣ್ಣು ಸಾಯಬಣ್ಣನನ್ನು ತಪ್ಪಿಸಿ ಗೋಡೆಯ ಮೇಲೆ ಓಡಾಡಿತು. “ಪಾಟೀಲರ ಮಗನ ಲಗ್ನದ ಫೋಟೋ ನಮಗ ಬಂದದ. ಅವರ ಬೀಗರದೂ ನಮಗ. ನಿನಗ ಕೈ ಹಿಡದು ಕಲಿಸೀನಿ, ನಿಮ್ಮ ಕೇರಿಯವನಿಗೆ ಯಾರು ಕಲಸ್ತಿದ್ರೋ ಸೊಲ್ಲಾಪುರದಾಗ? ಎರಡು ತಾಸಿನ ಕೆಲಸ. ತುಂಬಿ ಬಿಡು.”

“ತುಂಬಿ?”

“ತುಂಬಿ ಕಾಗದಕ್ಕ ಇಳಿಸಿ ನಿನ್ನ ವಕೀಲಗ ಕೊಡು,” ಎಂದ ಪಾಟೀಲ. “ನಾ ಬ್ಯಾಡ ಅನ್ನಾಂಗಿಲ್ಲ. ಕೋರ್ಟಿನ್ಯಾಗ ಇಡಲಿ. ಅಕಿ ಖಾಸ ತಮ್ಮ ತಗದ ಫೋಟೋ, ನಡು ಮಧ್ಯಾಹ್ನ, ಗಲ್ಲ ಬೆಣ್ಣಿ ಆಗ್ಯದ. ಮುಂದ ಯಾರು ಏನ್ ಬೇಕಾದ್ದು ಹೇಳಲಿ.” ಫಿಲ್ಮಿನ ಸುರುಳಿಯನ್ನು ಸ್ಟೋದ ಸಮೀಪಕ್ಕೆ ಒಯ್ದ. ಅದರ ತುದಿ ಬಿಸಿಗೆ ಮುದುಡತೊಡಗಿತು. “ಒಲ್ಲೆ ಅಂದ್ರ ಇದು ಚಹಾಕ್ಕ ಉರವಲ. ಆಮ್ಯಾಲ ಈ ಗಾಜು. ಎತ್ತೂ ಹೋತು, ಅಕ್ಕನೂ ಹೋತು.”

ಹೊರಗೆ ಟಾಂಗಾದವನೊಬ್ಬ ಕುದುರೆಗೆ ಬೈಯುತ್ತ ಹೋದ.

ಖಂಡಪ್ಪ ಪೆನ್ಸಿಲ್ಲು ಚೂಪು ಮಾಡಿ ತಂದು ಸಾಯಬಣ್ಣನ ಬೆರಳಿಗೆ ಇಟ್ಟ. ಇಷ್ಟು ವರ್ಷಗಳಲ್ಲಿ ಮೊದಲ ಸಲ ಅವನ ಕೈ ಸಾಯಬಣ್ಣನ ಕೈಗೆ ತಾಗಿತು. “ಕೂಡು,” ಎಂದ. “ಹಟ ಮಾಡಬ್ಯಾಡಪಾ. ಸುಟ್ಟು ಹೋದ್ರ ನಿನಗೂ ಇಲ್ಲ, ಅವರಿಗೂ ಇಲ್ಲ. ತುಂಬಿದ್ರ ಕೆಲಸಾದ್ರೂ ಉಳಿತದ.”

ಸಾಯಬಣ್ಣ ಸ್ಟೂಲಿನ ಮೇಲೆ ಕೂತ. ಅಭ್ಯಾಸ, ಕೈ ತಾನಾಗಿ ಹಲಗೆಯ ಮೇಲೆ ಬಂತು. ಪೆನ್ಸಿಲ್ಲಿನ ಮೊನೆ ಅಕ್ಕನ ಕೆನ್ನೆಯ ಬೆಳ್ಳನೆಯ ಗೆರೆಯ ತುದಿಗೆ ಬಂದು ನಿಂತಿತು. ಎಲ್ಲಿಂದ ಚುಕ್ಕೆ ಶುರು ಮಾಡಬೇಕು, ಎಷ್ಟು ಒತ್ತಬೇಕು, ಕೈಗೆ ಎಲ್ಲ ಗೊತ್ತಿತ್ತು. ಕಚ್ಚು ಮೊದಲು ಮುಚ್ಚಬೇಕು, ಆಮೇಲೆ ಚಂದ್ರ, ಕಡೆಗೆ ಗೆರೆ. ಹಿಂದಿನ ವಾರ ಅವಳ ಗಾಯ ಕೀವು ತುಂಬಿ ಒಡೆದಿತ್ತು, ಬಂಡೆಪ್ಪ ಹೇಳಿ ಕಳಿಸಿದ್ದ. ಈಗ ಅಲ್ಲಿ ಗೆರೆಯೂ ಇಲ್ಲ, ಚಂದ್ರವೂ ಇಲ್ಲ, ಒಂದು ಗಂಟು ಅಷ್ಟೆ. ಮತ್ತೊಮ್ಮೆ ತೆಗೆಯುತ್ತೇನೆ ಎನ್ನುವ ಹಾಗಿರಲಿಲ್ಲ. ಇಡೀ ಲೋಕದಲ್ಲಿ ಪಾಟೀಲನ ಸಹಿ ಉಳಿದದ್ದು ಆ ಸುರುಳಿಯಲ್ಲಿ, ಈ ಗಾಜಿನಲ್ಲಿ.

ಸುಟ್ಟರೆ ಫೋಟೋ ಇಲ್ಲವಾಗುತ್ತದೆ. ತುಂಬಿದರೆ ಅಕ್ಕನ ಕೆನ್ನೆಯೇ ಇಲ್ಲವಾಗುತ್ತದೆ, ಅದೂ ತಮ್ಮನ ಕೈಯಿಂದ. ನನ್ನ ಗಲ್ಲ ಎಲ್ಲೋ ತಮ್ಮಾ ಎಂದು ಅವಳು ಒಮ್ಮೆ ಕೇಳಿಯಾಗಿತ್ತು. ಇನ್ನೊಮ್ಮೆ ಕೇಳಿಸಿಕೊಳ್ಳುವ ಕಿವಿ ಅವನಿಗಿರಲಿಲ್ಲ.

ಗಾಜಿನ ಆಚೆ, ಮುಂದಿನ ಕಪಾಟಿನಲ್ಲಿ, ನುಣ್ಣನೆಯ ಪಾಟೀಲ ಬೀದಿಯನ್ನು ನೋಡುತ್ತಿದ್ದ. ಈಚೆ ಕುರ್ಚಿಯಲ್ಲಿ ಜರಡಿ ಪಾಟೀಲ ಇವನನ್ನು ನೋಡುತ್ತಿದ್ದ. ಎರಡೂ ಮುಖಗಳನ್ನು ಸಾಯಬಣ್ಣ ಒಂದರ ಮೇಲೊಂದು ಇಟ್ಟು ನೋಡಿದ. ಅವು ಕೂಡಲಿಲ್ಲ.

ಪೆನ್ಸಿಲ್ಲನ್ನು ಎತ್ತಿ, ಮೊನೆ ಮುರಿಯದಂತೆ ಜೋಪಾನವಾಗಿ, ಅದರ ತಟ್ಟೆಯಲ್ಲಿ ಇಟ್ಟ.

“ಯಾಕಲೇ, ತುಂಬು,” ಎಂದ ಪಾಟೀಲ. ಸುರುಳಿಯ ತುದಿಗೆ ಕೆಂಡದ ಬಣ್ಣ ಹತ್ತಿತ್ತು.

“ತುಂಬೋ ಸಾಯಬಣ್ಣಾ,” ಎಂದ ಖಂಡಪ್ಪ.

“ನಿಮ್ಮ ಮೋರಿ ತುಂಬಿದ್ದ ತಪ್ಪಾತು,” ಎಂದ ಸಾಯಬಣ್ಣ, ಪಾಟೀಲನ ಕಣ್ಣಲ್ಲಿ ಕಣ್ಣಿಟ್ಟು. “ಇದನ್ನ ನಾ ತುಂಬೂದಿಲ್ಲ.”